ಮ್ಯಾಟ್ ಕೆಳಗಿನ ತುಕ್ಕು

ನಾಸಿಕದ ಪಂಚವಟಿ ಮಾರ್ಕೆಟ್ ಯಾರ್ಡಿಗೆ ಬಂದು ನಿಲ್ಲುವ ಪಿಕಪ್ ಗಾಡಿಗಳಲ್ಲಿ ವಿಜಯಪುರದಿಂದ ಬಂದ ನನ್ನದೂ ಒಂದು. ಬ್ಯಾಂಕಿನ ಕಂತು ಇನ್ನೂ 2 ವರ್ಷ ಬಾಕಿ. ಕೊತ್ತಂಬರಿ, ಮೆಂತ್ಯ, ಪಾಲಕ್ ಹೆಚ್ಚಾಗಿ ನನ್ನ ಲೋಡು. ಸೊಪ್ಪು ಬಾಡಬಾರದೆಂದು ನೀರು ಚಿಮುಕಿಸಿಯೇ ತುಂಬುತ್ತಾರೆ. ಆ ನೀರೆಲ್ಲ ಗಾಡಿಯ ತಳಕ್ಕೆ.

ಹೊಸ ಗಾಡಿಗೆ ಗೀರು ಬೀಳದಿರಲಿ ಎಂದು ದಪ್ಪ ರಬ್ಬರ್ ಮ್ಯಾಟ್ ಹಾಸಿದ್ದೆ. 2 ಮಳೆಗಾಲ ಎತ್ತಿ ನೋಡಲೇ ಇಲ್ಲ. ಒಂದು ದಿನ ಕ್ರೇಟ್ ಎಳೆಯುವಾಗ ಕಾಲಡಿಯ ತಗಡು ಕುಸಿದಂತಾಯಿತು. ಗ್ಯಾರೇಜಿನವನು ಮ್ಯಾಟ್ ಎತ್ತಿ, "ಭಾವೂ, ಗಂಜ್!" ಎಂದ. ನಾವು ಕುಡಿಯುವ ಗಂಜಿಯಲ್ಲ. ಮರಾಠಿಯಲ್ಲಿ ಗಂಜ್ ಎಂದರೆ ತುಕ್ಕು.

ಮ್ಯಾಟ್ ಗೀರನ್ನೇನೋ ತಡೆದಿತ್ತು. ಆದರೆ ಅಡಿಗೆ ಇಳಿದ ನೀರು ಆರಲು ಬಿಟ್ಟಿರಲಿಲ್ಲ. ಮಣ್ಣು, ಈರುಳ್ಳಿ ಸಿಪ್ಪೆ ಸೇರಿ ನೀರು ಹೋಗುವ ತೂತುಗಳೂ ಮುಚ್ಚಿದ್ದವು. ಗೊಬ್ಬರದ ಚೀಲ ಹೇರಿದ ದಿನ ತೊಳೆಯದೆ ಬಿಟ್ಟದ್ದು ಇನ್ನೊಂದು ತಪ್ಪು. ಗೊಬ್ಬರದ ಉಪ್ಪು ತೇವ ಹಿಡಿದಿಟ್ಟು ತಗಡನ್ನು ಬೇಗ ತಿನ್ನುತ್ತದೆ.

ತೂತು ಬಿದ್ದಲ್ಲಿ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಉಳಿದದ್ದನ್ನು ವೈರ್ ಬ್ರಷ್‌ನಿಂದ ಲೋಹ ಕಾಣುವ ತನಕ ಉಜ್ಜಿಸಿ, ರೆಡ್ ಆಕ್ಸೈಡ್ ಪ್ರೈಮರ್, ಅದು ಒಣಗಿದ ಮೇಲೆ 2 ಕೋಟ್ ಪೇಂಟ್. ತುಕ್ಕಿನ ಮೇಲೆಯೇ ಬಣ್ಣ ಹೊಡೆದರೆ ದುಡ್ಡು ಉಳಿಯುತ್ತಿತ್ತು, ಆದರೆ ಅದು ಹಪ್ಪಳದಂತೆ ಏಳುತ್ತದೆ. ಗಾಡಿ 4 ದಿನ ನಿಂತಿತು. ಬಾಡಿಗೆ ನಿಂತಿತು, ಕಂತು ನಿಲ್ಲಲಿಲ್ಲ.

ಈಗಲೂ ಮ್ಯಾಟ್ ಇದೆ. ವಾರಕ್ಕೊಮ್ಮೆ ಅದನ್ನೆತ್ತಿ ಗೋಡೆಗೆ ಒರಗಿಸಿ, ತಳ ತೊಳೆದು, ತೂತುಗಳಿಗೆ ತಂತಿ ಆಡಿಸಿ, ಹಿಂಬಾಗಿಲು ಇಳಿಸಿ ಬಿಸಿಲಿಗೆ ಬಿಡುತ್ತೇನೆ. ಮೊನ್ನೆ ಊರಿಂದ ಬಂದ ತಮ್ಮ ನೋಡಿ ನಕ್ಕ: "ಅಣ್ಣಾ, ಊರಾಗ ಎತ್ತಿನ ಮೈನೂ ನೀ ಇಷ್ಟು ತಿಕ್ಕಿರ್ಲಿಲ್ಲ ನೋಡು."