ದುರ್ಬಲ ಹೃದಯವೂ ಟೆಸ್ಟೊಸ್ಟಿರೋನ್ ಚುಚ್ಚುಮದ್ದೂ

ಹೃದಯ ವೈಫಲ್ಯವೆಂದು ವೈದ್ಯರು ಹೇಳಿದೊಡನೆ ಹೃದಯ ನಿಂತೇ ಹೋಯಿತೆಂದು ಅನೇಕರು ಗಾಬರಿಗೊಳ್ಳುತ್ತಾರೆ. ಅದರ ಅರ್ಥ ಹಾಗಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ಒತ್ತಿ ಕಳುಹಿಸುವ ಶಕ್ತಿ ಹೃದಯಕ್ಕೆ ಸಾಲದಾಗಿದೆ ಎಂದಷ್ಟೇ ಅರ್ಥ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕಾಲುಗಳಲ್ಲಿ ಬಾವು, ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುವದು, ಸದಾ ದಣಿವು, ಇವು ಇದರ ಲಕ್ಷಣಗಳು. ದಿನ ಕಳೆದಂತೆ ತೋಳು ತೊಡೆಗಳ ಮಾಂಸಖಂಡವೂ ಕರಗುವದುಂಟು. ಇಂಥವರಿಗೆ "ಟೆಸ್ಟೊಸ್ಟಿರೋನ್ ಚುಚ್ಚಿಸಿಕೊಳ್ಳಿರಿ, ಕಸುವು ಬರುತ್ತದೆ" ಎಂಬ ಸಲಹೆ ಬಂದರೆ ಆಸೆ ಹುಟ್ಟುವದು ಸಹಜ. ಅದರಲ್ಲಿ ನಿಜವೆಷ್ಟೆಂಬದನ್ನು ವಾಚಕರು ತಿಳಿದಿರುವದು ಒಳ್ಳೆಯದು.

ಟೆಸ್ಟೊಸ್ಟಿರೋನ್ ಎಂಬದು ಗಂಡಸರಲ್ಲಿ ಮುಖ್ಯವಾಗಿ ವೃಷಣಗಳಿಂದ ರಕ್ತಕ್ಕೆ ಸೇರುವ ಹಾರ್ಮೋನು. ಗಡ್ಡಮೀಸೆ, ದಪ್ಪ ಧ್ವನಿಗಳಷ್ಟೇ ಅಲ್ಲ, ಮಾಂಸಖಂಡ, ಎಲುಬು, ರಕ್ತಕಣಗಳ ಬೆಳವಣಿಗೆಗೂ ಅದು ಬೇಕು. 1935ರಲ್ಲಿ ಆಮ್‌ಸ್ಟರ್‌ಡಾಮಿನ ವಿಜ್ಞಾನಿಗಳು ಹೋರಿಯ ವೃಷಣಗಳಿಂದ ಅದನ್ನು ಬೇರ್ಪಡಿಸಿದರು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕಾ ಅವರು ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು.

ಹೃದಯ ವೈಫಲ್ಯವಿರುವ ಅನೇಕ ಗಂಡಸರ ರಕ್ತದಲ್ಲಿ ಈ ಹಾರ್ಮೋನು ಕಡಿಮೆಯಿರುತ್ತದೆ. ಕಡಿಮೆಯಿದ್ದವರ ಸ್ಥಿತಿ ಹೆಚ್ಚು ಕಠಿಣವೆಂಬದೂ ಕಂಡುಬಂದಿದೆ. ಆದರೆ ದೀರ್ಘಕಾಲದ ಯಾವ ರೋಗದಲ್ಲಿಯೂ ಅದು ಇಳಿಯಬಹುದು. ಬಾವಿಯ ನೀರು ಇಳಿದದ್ದು ಬರಗಾಲದ ಗುರುತು. ಬಾವಿಗೆ ನಾಲ್ಕು ಕೊಡ ನೀರು ಸುರಿದರೆ ಬರಗಾಲ ಹೋಗುವದಿಲ್ಲ.

ಹಾಗಾದರೆ ಹಾರ್ಮೋನು ಕೊಟ್ಟು ನೋಡಿದವರಿಗೆ ಏನು ಕಂಡಿತು? 2006ರಲ್ಲಿ ಇಂಗ್ಲಂಡಿನ ಶೆಫೀಲ್ಡಿನ ವೈದ್ಯರು 76 ಗಂಡಸು ರೋಗಿಗಳ ಪರೀಕ್ಷೆಯನ್ನು ಪ್ರಕಟಿಸಿದರು. ಕೆಲವರಿಗೆ ಚರ್ಮಕ್ಕೆ ಅಂಟಿಸುವ ಔಷಧದ ಪಟ್ಟಿ, ಉಳಿದವರಿಗೆ ಔಷಧವಿಲ್ಲದ ಪಟ್ಟಿ. ಔಷಧ ಪಡೆದವರು ಹೆಚ್ಚು ದೂರ ನಡೆದರು. 2012ರಲ್ಲಿ ಇಂಥ ನಾಲ್ಕು ಪರೀಕ್ಷೆಗಳ 198 ರೋಗಿಗಳ ಲೆಕ್ಕವನ್ನು ಕೂಡಿಸಿದಾಗ, ಆರು ನಿಮಿಷಗಳ ನಡಿಗೆಯಲ್ಲಿ ಸುಮಾರು 54 ಮೀಟರುಗಳ ಲಾಭ ಕಂಡಿತು. ಇದು ಕಡೆಗಣಿಸುವ ಮಾತಲ್ಲ. ಆದರೆ ಪರೀಕ್ಷೆಗಳು ಚಿಕ್ಕವು, ಅಲ್ಪಾವಧಿಯವು. ಆಯುಷ್ಯ ಹೆಚ್ಚುವದೆಂದು ಅವು ತೋರಿಸಿಲ್ಲ.

ಇನ್ನು ಖರ್ಚಿನ ಪುಟ. ನಡೆಯಲು ಕಷ್ಟಪಡುವ 65 ದಾಟಿದ 209 ಗಂಡಸರ ಮೇಲೆ ಅಮೇರಿಕೆಯಲ್ಲಿ ನಡೆದ ಒಂದು ಪರೀಕ್ಷೆಯನ್ನು, ಔಷಧ ಪಡೆದವರಲ್ಲಿ ಹೃದಯದ ತೊಂದರೆಗಳು ಹೆಚ್ಚಿದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ 2010ರಲ್ಲಿ ಬಂತು. ಮುಂದೆ 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಎಂಬ ದೊಡ್ಡ ಪರೀಕ್ಷೆಯಲ್ಲಿ ಸುಮಾರು 5,200 ಗಂಡಸರಿದ್ದರು. ಎಲ್ಲರಿಗೂ ಹಾರ್ಮೋನು ಕಡಿಮೆ. ಹೃದ್ರೋಗ ಅಥವಾ ಅದರ ಭಯವೂ ಇತ್ತು. ಹೃದಯಾಘಾತ, ಲಕ್ವ, ಹೃದ್ರೋಗದ ಸಾವು ಸೇರಿ ಔಷಧ ಪಡೆದವರಲ್ಲಿ ನೂರಕ್ಕೆ 7.0, ಪಡೆಯದವರಲ್ಲಿ 7.3, ಅಂದರೆ ಸರಿಸುಮಾರು ಸಮ. ಆದರೆ ನಾಡಿ ತಾಳತಪ್ಪುವದು, ಪುಪ್ಪುಸದಲ್ಲಿ ರಕ್ತ ಹೆಪ್ಪುಗಟ್ಟುವದು, ಮೂತ್ರಪಿಂಡದ ಹಾನಿ, ಇವು ಔಷಧ ಪಡೆದವರಲ್ಲಿ ಹೆಚ್ಚು. ಇದಲ್ಲದೆ ಈ ಔಷಧದಿಂದ ರಕ್ತ ಮಂದವಾಗಬಹುದು, ರಕ್ತದೊತ್ತಡ ಏರಬಹುದು, ಮೈಯಲ್ಲಿ ನೀರು ನಿಲ್ಲಬಹುದು. ಮೊದಲೇ ಕಾಲು ಬಾತವರಿಗೆ ಈ ಕೊನೆಯದು ಚಿಕ್ಕ ಮಾತಲ್ಲ. ಆದುದರಿಂದಲೇ ಹತೋಟಿಗೆ ಬಾರದ ಹೃದಯ ವೈಫಲ್ಯವಿದ್ದವರಿಗೂ, ಆರು ತಿಂಗಳೊಳಗೆ ಹೃದಯಾಘಾತ ಅಥವಾ ಲಕ್ವ ಆದವರಿಗೂ ಇದನ್ನು ಪ್ರಾರಂಭಿಸಬಾರದೆಂದು ಅಮೇರಿಕೆಯ ಎಂಡೋಕ್ರೈನ್ ಸೊಸಾಯಿಟಿ 2018ರಲ್ಲಿ ಹೇಳಿತು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಹೃದಯ ವೈಫಲ್ಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಗುಳಿಗೆ ಟೆಸ್ಟೊಸ್ಟಿರೋನಿನ ಕೆಲಸಕ್ಕೆ ಸ್ವಲ್ಪ ಅಡ್ಡಿಮಾಡುತ್ತದೆ. ಹೀಗಾಗಿ ಕೆಲವು ಗಂಡಸರಿಗೆ ಎದೆ ಉಬ್ಬಿ ನೋಯುತ್ತದೆ. ನಾಚಿ ಗುಳಿಗೆಯನ್ನೇ ಬಿಟ್ಟುಬಿಟ್ಟರೆ ಅದು ಪ್ರಾಣಕ್ಕೆ ಎರವಾದೀತು. 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಗುಳಿಗೆಯಿಂದ ತೀವ್ರ ರೋಗಿಗಳ ಮರಣ ನೂರಕ್ಕೆ ಮೂವತ್ತರಷ್ಟು ಇಳಿದಿತ್ತು. ಎದೆ ಉಬ್ಬಿದರೆ ವೈದ್ಯರಿಗೆ ತಿಳಿಸಿರಿ. ಎಪ್ಲೆರಿನೋನ್ ಎಂಬ ಬದಲಿ ಗುಳಿಗೆ ಇದೆ.

ಹಾರ್ಮೋನು ಕಡಿಮೆಯೆಂಬ ಸಂಶಯವಿದ್ದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ರಕ್ತ ಪರೀಕ್ಷಿಸಬೇಕು. ಜ್ವರ, ಕಾಯಿಲೆಗಳ ನಡುವೆ ಅಲ್ಲ. ನಿಜವಾಗಿ ಕೊರತೆಯಿದ್ದು ಔಷಧ ಬೇಕಾದರೆ, ಹೃದಯದ ವೈದ್ಯರಿಗೆ ತಿಳಿದೇ ಅದು ನಡೆಯಲಿ. ಮಕ್ಕಳಾಗಬೇಕೆನ್ನುವ ತರುಣರು ಇದರಿಂದ ವೀರ್ಯಾಣುಗಳು ಕುಗ್ಗುತ್ತವೆಂಬದನ್ನು ಮರೆಯಬಾರದು.

ಹೃದಯವನ್ನು ಕಾಯುವದು ನಿತ್ಯದ ಗುಳಿಗೆಗಳು, ವೈದ್ಯರು ಹೇಳಿದಷ್ಟು ನಡಿಗೆ, ಉಪ್ಪಿನಕಾಯಿ-ಹಪ್ಪಳಗಳಲ್ಲಿ ಮಿತಿ. ಪ್ರತಿದಿನ ಬೆಳಿಗ್ಗೆ ತೂಕ ನೋಡಿ ಬರೆದಿಡಿರಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಕಸುವಲ್ಲ, ನೀರು. ಆ ದಿನವೇ ವೈದ್ಯರನ್ನು ಕಾಣಿರಿ.