ಅಮೆರಿಕದ ಸಿಂಗಲ್ ಮಾಲ್ಟ್: ಹೆಸರು ಒಂದು, ರುಚಿ ಹಲವು

2025ರ ಜನವರಿ 19ರಿಂದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ‘ಅಮೆರಿಕನ್ ಸಿಂಗಲ್ ಮಾಲ್ಟ್ ವಿಸ್ಕಿ’ ಎಂಬುದು ಕೇವಲ ವ್ಯಾಪಾರದ ಹೆಸರಾಗಿ ಉಳಿಯದೆ, ಕಾನೂನಿನ ಮಾನ್ಯತೆ ಪಡೆದ ಪ್ರತ್ಯೇಕ ವರ್ಗವಾಯಿತು. ಅಲ್ಲಿನ ಖಜಾನೆ ಇಲಾಖೆಯ ಅಧೀನದಲ್ಲಿರುವ ಮದ್ಯ ಮತ್ತು ತಂಬಾಕು ತೆರಿಗೆ ಹಾಗೂ ವ್ಯಾಪಾರ ಕಾರ್ಯಾಲಯವು 2022ರ ಜುಲೈನಲ್ಲಿ ಕರಡು ನಿಯಮವನ್ನು ಪ್ರಕಟಿಸಿ, ಉದ್ಯಮದವರಿಂದ ಸಲಹೆ ಹಾಗೂ ಆಕ್ಷೇಪಣೆಗಳನ್ನು ಆಹ್ವಾನಿಸಿ, 2024ರ ಡಿಸೆಂಬರ್‌ನಲ್ಲಿ ಅಂತಿಮ ಆದೇಶವನ್ನು ಹೊರಡಿಸಿತು. ಇದರ ಹಿಂದೆ 2016ರಲ್ಲಿ ಶಿಕಾಗೋ ನಗರದಲ್ಲಿ ಒಂಬತ್ತು ಬಟ್ಟಿಮನೆಗಳು ಕೂಡಿ ಸ್ಥಾಪಿಸಿಕೊಂಡ ಆಯೋಗವೊಂದರ ಸತತ ಪ್ರಯತ್ನವಿತ್ತು. ಸಣ್ಣ ಉತ್ಪಾದಕರು ಒಂದು ವ್ಯಾಖ್ಯೆಗಾಗಿ ಎಂಟು ವರ್ಷಗಳಿಗೂ ಮಿಕ್ಕಿ ಬೆನ್ನು ಹತ್ತಿದ್ದು ಏಕೆಂಬುದು ವಾಣಿಜ್ಯ ವಲಯದವರಿಗೆ ಕುತೂಹಲದ ಸಂಗತಿಯೇ ಸರಿ.

ಕಾರಣ ಹಳೆಯ ನಿಯಮದಲ್ಲಿಯೇ ಇತ್ತು. ಅದರ ಪ್ರಕಾರ ‘ಮಾಲ್ಟ್ ವಿಸ್ಕಿ’ ಎಂದು ಬರೆಯಬೇಕಾದರೆ ಧಾನ್ಯದಲ್ಲಿ ಶೇ. 51ರಷ್ಟು ಮೊಳಕೆ ಕಟ್ಟಿದ ಬಾರ್ಲಿ ಇದ್ದರೆ ಸಾಕಾಗಿತ್ತು. ಆದರೆ ಅದನ್ನು ಒಳಮೈ ಸುಟ್ಟು ಕರಿಗಟ್ಟಿಸಿದ ಹೊಚ್ಚ ಹೊಸ ಓಕ್ ಪೀಪಾಯಿಯಲ್ಲಿಯೇ ಇಡಬೇಕಾಗಿತ್ತು. ಶುದ್ಧ ಬಾರ್ಲಿಯಿಂದ ತಯಾರಿಸಿ, ಸ್ಕಾಟ್ಲೆಂಡಿನ ಪದ್ಧತಿಯಂತೆ ಹಳೆಯ ಪೀಪಾಯಿಯಲ್ಲಿ ಹದಗೊಳಿಸಿದವನು ತನ್ನ ಸೀಸೆಯ ಮೇಲೆ ‘ಮಾಲ್ಟ್ ರಸದಿಂದ ಬಟ್ಟಿ ಇಳಿಸಿದ ವಿಸ್ಕಿ’ ಎಂಬ ಅಡ್ಡಾದಿಡ್ಡಿ ಹೆಸರನ್ನು ಅಚ್ಚು ಹಾಕಿಸಬೇಕಾಗುತ್ತಿತ್ತು. ಅರ್ಧದಷ್ಟು ಬೇರೆ ಧಾನ್ಯ ಬೆರೆಸಿದವನಿಗೆ ಸುಂದರವಾದ ಹೆಸರು, ಪೂರ್ಣ ಬಾರ್ಲಿ ಬಳಸಿದವನಿಗೆ ವಿವರಣೆ. ಅಂಗಡಿಯ ಕಪಾಟಿನ ಮುಂದೆ ನಿಂತ ಗ್ರಾಹಕನು ವಿವರಣೆಯನ್ನು ಓದುವುದಿಲ್ಲ.

ಹೊಸ ನಿಯಮದಂತೆ ಶೇ. 100ರಷ್ಟು ಮಾಲ್ಟ್ ಬಾರ್ಲಿಯನ್ನೇ ಬಳಸಬೇಕು. ರಸ ತೆಗೆಯುವುದು, ಬಟ್ಟಿ ಇಳಿಸುವುದು, ಹದಗೊಳಿಸುವುದು ಮೂರೂ ಅಮೆರಿಕದಲ್ಲಿಯೇ ನಡೆಯಬೇಕು. ಬಟ್ಟಿ ಇಳಿಸುವ ಕೆಲಸ ಪೂರ್ತಿಯಾಗಿ ಒಂದೇ ಬಟ್ಟಿಮನೆಯದಾಗಿರಬೇಕು. ಬಟ್ಟಿಯಿಂದ ಇಳಿಯುವಾಗ ಮದ್ಯಸಾರ ಶೇ. 80ನ್ನು ಮೀರಬಾರದು. ಪೀಪಾಯಿ ಓಕ್ ಮರದ್ದಾಗಿ 700 ಲೀಟರ್‌ಗಳಿಗೆ ಮೀರದಂತಿರಬೇಕು. ಹಳೆಯದಾಗಲಿ, ಹೊಸದಾಗಲಿ, ಸುಟ್ಟದ್ದಾಗಲಿ, ಸುಡದಿದ್ದುದಾಗಲಿ ಅಡ್ಡಿಯಿಲ್ಲ. ಸೀಸೆಗೆ ತುಂಬುವಾಗ ಶೇ. 40ಕ್ಕಿಂತ ಕಡಿಮೆಯಾಗಬಾರದು. ಹಳೆಯ ಚೀಟಿಗಳನ್ನು ಬದಲಿಸಿಕೊಳ್ಳಲು ಐದು ವರ್ಷಗಳ ಕಾಲಾವಕಾಶವನ್ನೂ ನೀಡಲಾಗಿದೆ.

ಸ್ಕಾಚ್ ನಿಯಮದೊಡನೆ ಹೋಲಿಕೆ

ಸ್ಕಾಟ್ಲೆಂಡಿನಲ್ಲಿ ಸಿಂಗಲ್ ಮಾಲ್ಟ್ ಎಂದರೆ ತಾಮ್ರದ ಕುಡಿಕೆ ಬಟ್ಟಿ, ಕನಿಷ್ಠ ಮೂರು ವರ್ಷ ಪೀಪಾಯಿವಾಸ, ರಸ ತೆಗೆಯುವುದರಿಂದ ಹಿಡಿದು ಬಟ್ಟಿಯವರೆಗೆ ಒಂದೇ ಆವರಣ. ಅಮೆರಿಕದ ನಿಯಮದಲ್ಲಿ ಬಟ್ಟಿಯ ಆಕಾರಕ್ಕೆ ನಿರ್ಬಂಧವಿಲ್ಲ. ಕನಿಷ್ಠ ವಯಸ್ಸಿನ ಷರತ್ತೂ ಇಲ್ಲ. ‘ಸ್ಟ್ರೇಟ್’ ಎಂಬ ವಿಶೇಷಣ ಬೇಕೆಂದವರಿಗೆ ಮಾತ್ರ ಎರಡು ವರ್ಷದ ಕಟ್ಟುಪಾಡು. ಇನ್ನೂ ಮುಖ್ಯವಾದ ಸಡಿಲಿಕೆಯೆಂದರೆ, ಬಾರ್ಲಿಯ ರಸವನ್ನು ಬೇರೊಂದು ಬಿಯರ್ ತಯಾರಿಕಾ ಘಟಕದಿಂದ ತರಿಸಿಕೊಳ್ಳಬಹುದು.

ಈ ಕೊನೆಯ ಅಂಶವನ್ನು ಅರಿಯದೆ ಅಮೆರಿಕದ ಸಿಂಗಲ್ ಮಾಲ್ಟ್‌ನ ರುಚಿಯನ್ನು ಅರಿಯಲಾಗದು. ಈ ಉದ್ಯಮದ ತಾಯಿಬೇರು ಬರ್ಬನ್‌ನ ಕೆಂಟಕಿಯಲ್ಲಿಲ್ಲ. ಪಶ್ಚಿಮ ತೀರದ ಸಣ್ಣ ಬಿಯರ್ ಘಟಕಗಳಲ್ಲಿದೆ. ಆರಿಗನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ ಪೇರು ಹಣ್ಣಿನ ಬ್ರಾಂಡಿ ತಯಾರಿಸಲು 1985ರಲ್ಲಿ ಕ್ಲಿಯರ್ ಕ್ರೀಕ್ ಬಟ್ಟಿಮನೆಯನ್ನು ಆರಂಭಿಸಿದ ಸ್ಟೀವ್ ಮೆಕಾರ್ಥಿಯವರು, ಸ್ಕಾಟ್ಲೆಂಡಿನಿಂದ ಪೀಟ್ ಹೊಗೆಯುಂಡ ಮಾಲ್ಟ್ ತರಿಸಿ, ಅದರ ರಸವನ್ನು ಸ್ಥಳೀಯ ಬಿಯರ್ ಘಟಕವೊಂದರಲ್ಲಿ ಸಿದ್ಧಪಡಿಸಿಕೊಂಡು 1996ರಲ್ಲಿ ತಮ್ಮ ಹೆಸರಿನ ಸಿಂಗಲ್ ಮಾಲ್ಟನ್ನು ಮಾರುಕಟ್ಟೆಗೆ ತಂದರು. ಕ್ಯಾಲಿಫೋರ್ನಿಯದ ಅಲಮೀಡಾದಲ್ಲಿ ಯೋರ್ಗ್ ರುಪ್ಫ್ 1982ರಲ್ಲಿ ಸ್ಥಾಪಿಸಿದ ಸೇಂಟ್ ಜಾರ್ಜ್ ಸಂಸ್ಥೆಯೂ ಮೂಲತಃ ಹಣ್ಣಿನ ಬ್ರಾಂಡಿಯದೇ. ಅದರ ಸಿಂಗಲ್ ಮಾಲ್ಟ್ ಹೊರಬಂದುದು 2000ದಲ್ಲಿ. ಡೆನ್ವರ್‌ನ ಸ್ಟ್ರಾನಹಾನ್ಸ್ 2004ರಲ್ಲಿ ಪ್ರಾರಂಭವಾದಾಗ ಅದಕ್ಕೆ ರಸವನ್ನು ಪೂರೈಸಿದ್ದು ಫ್ಲೈಯಿಂಗ್ ಡಾಗ್ ಎಂಬ ಬಿಯರ್ ಘಟಕ. ಹೀಗೆ ಬಿಯರ್‌ನವರ ಅಭಿರುಚಿ ಮತ್ತು ಹಣ್ಣಿನ ಬ್ರಾಂಡಿಯವರ ಕೈಚಳಕ ಈ ಮದ್ಯದ ಮೈಯಲ್ಲಿಯೇ ಸೇರಿಹೋಯಿತು.

ರುಚಿ ನೋಡುವ ಕ್ರಮ

ಹೋಲಿಸಿ ನೋಡುವುದೆಂದರೆ ಹೆಚ್ಚು ಕುಡಿಯುವುದಲ್ಲ. ಕುಡಿಯುವುದು ಅತ್ಯಲ್ಪವೆಂದೇ ಹೇಳಬೇಕು. ಟ್ಯೂಲಿಪ್ ಹೂವಿನ ಆಕಾರದ, ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ 20 ಮಿಲಿಲೀಟರ್ ಸಾಕು. ಲೋಟಗಳ ಬುಡದಲ್ಲಿ ಸಂಖ್ಯೆ ಬರೆದು, ಯಾವ ಸಂಖ್ಯೆಗೆ ಯಾವ ಸೀಸೆ ಎಂಬುದು ರುಚಿ ನೋಡುವವರಿಗೆ ತಿಳಿಯದಂತೆ ಇಡುವುದು ಒಳ್ಳೆಯದು. ಸುರಿದ ಮೇಲೆ ಹತ್ತು ನಿಮಿಷ ಮುಚ್ಚಿಟ್ಟು ಅನಂತರ ಮೂಸಬೇಕು.

ಇಲ್ಲಿ ಹಲವರು ಎಡವುವ ಸಂಗತಿ ಮದ್ಯಸಾರದ ಪ್ರಮಾಣ. ಶೇ. 45ರ ಸೀಸೆಯನ್ನೂ ಶೇ. 53ರ ಸೀಸೆಯನ್ನೂ ಇದ್ದಂತೆಯೇ ಹೋಲಿಸಿದರೆ ಗೆಲ್ಲುವುದು ರುಚಿಯಲ್ಲ, ತೀಕ್ಷ್ಣತೆ. ವೃತ್ತಿನಿರತ ಮಿಶ್ರಣಕಾರರು ನೀರು ಬೆರೆಸಿ ಸುಮಾರು ಶೇ. 20ಕ್ಕೆ ಇಳಿಸಿಕೊಂಡು ಮೂಸುವುದು ಇದೇ ಕಾರಣಕ್ಕೆ. ಶೇ. 46ರ 20 ಮಿಲಿಲೀಟರ್‌ಗೆ 26 ಮಿಲಿಲೀಟರ್ ನೀರು ಸೇರಿಸಿದರೆ ಆ ಹದ ಬರುತ್ತದೆ. ನೀರು ವಿಸ್ಕಿಯನ್ನು ಕೆಡಿಸುತ್ತದೆಂಬ ಮಾತಿಗೆ ಆಧಾರವಿಲ್ಲ. ಹೊಗೆಯ ವಾಸನೆಗೆ ಕಾರಣವಾದ ಗ್ವಯಕೋಲ್ ಎಂಬ ಸಂಯುಕ್ತವು ತೆಳುವಾದ ದ್ರವದಲ್ಲಿ ಮೇಲ್ಮೈಗೆ ಬಂದು ನಿಲ್ಲುತ್ತದೆಂದು 2017ರಲ್ಲಿ ಸ್ವೀಡನ್ನಿನ ಇಬ್ಬರು ರಸಾಯನಶಾಸ್ತ್ರಜ್ಞರು ಗಣಕದ ಲೆಕ್ಕಾಚಾರದಿಂದ ತೋರಿಸಿದ್ದಾರೆ. ಅನುಕ್ರಮವೂ ಮುಖ್ಯ: ಹೊಗೆಯಿಲ್ಲದ್ದು ಮೊದಲು, ಹೊಗೆಯದು ಕೊನೆಗೆ. ಒಮ್ಮೆ ಪೀಟ್ ನಾಲಿಗೆಗೆ ತಗುಲಿದರೆ ಅನಂತರದ ಎರಡು ಲೋಟಗಳು ವ್ಯರ್ಥವೇ.

ಎದುರುಬದುರು ಇಟ್ಟಾಗ

ಮೊದಲಿಗೆ ಸ್ಟ್ರಾನಹಾನ್ಸ್ ಮತ್ತು ವೆಸ್ಟ್‌ಲೆಂಡ್ ಜೋಡಿ. ಸ್ಟ್ರಾನಹಾನ್ಸ್‌ನ ಮೂಲ ಸೀಸೆ ಶೇ. 47ರದು, ಸುಟ್ಟ ಹೊಸ ಓಕ್‌ನಲ್ಲಿ ಬೆಳೆದದ್ದು. ಮೂಗಿಗೆ ಮೊದಲು ಬಡಿಯುವುದು ವೆನಿಲ್ಲಾ, ಕಾಸಿದ ಸಕ್ಕರೆ, ಮಾಗಿದ ಬಾಳೆಹಣ್ಣು. ಬರ್ಬನ್ ಬಲ್ಲವರಿಗೆ ಇದು ಪರಿಚಿತ ದಾರಿ. ಜೋಳದ ಸಿಹಿಯ ಜಾಗದಲ್ಲಿ ಬಿಸ್ಕತ್ತಿನಂತಹ ಮಾಲ್ಟ್ ಕುಳಿತಿದೆ ಎನ್ನಬಹುದು. ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿರುವ ಒಣ ಹವೆಯ ಊರು. ಅಂತಹ ಹವೆಯಲ್ಲಿ ಪೀಪಾಯಿಯಿಂದ ಮದ್ಯಸಾರಕ್ಕಿಂತ ನೀರೇ ಬೇಗ ಹಾರಿಹೋಗಿ ಉಳಿದ ದ್ರವ ಖಾರವೇರುತ್ತದೆ. ತೇವದ ಸ್ಕಾಟ್ಲೆಂಡಿನಲ್ಲಿ ಇದಕ್ಕೆ ತದ್ವಿರುದ್ಧ.

2010ರಲ್ಲಿ ಸಿಯಾಟಲ್‌ನಲ್ಲಿ ಸ್ಥಾಪನೆಯಾದ ವೆಸ್ಟ್‌ಲೆಂಡ್‌ನ ದಾರಿ ಬೇರೆ. ಪೀಪಾಯಿಗಿಂತ ಧಾನ್ಯಕ್ಕೆ ಮಹತ್ವ ಕೊಟ್ಟ ಸಂಸ್ಥೆಯಿದು. ಸ್ಕಾಟ್ಲೆಂಡಿನ ಬಹುತೇಕ ಬಟ್ಟಿಮನೆಗಳು ಒಂದೇ ಬಗೆಯ ತಿಳಿ ಮಾಲ್ಟ್ ಬಳಸಿದರೆ, ವೆಸ್ಟ್‌ಲೆಂಡ್‌ನ ಅಮೆರಿಕನ್ ಓಕ್ ಮಾಲ್ಟಿಗೆ ಐದು ಬಗೆ: ತಿಳಿ ಮಾಲ್ಟ್, ಮ್ಯೂನಿಕ್ ಮಾಲ್ಟ್, ಕಂದು ಮಾಲ್ಟ್, ಚಾಕೊಲೇಟ್ ಮಾಲ್ಟ್ ಮುಂತಾಗಿ ಹುರಿದ ಮಟ್ಟ ಬೇರೆ ಬೇರೆ. ಹುದುಗಿಸುವುದಕ್ಕೂ ಬೆಲ್ಜಿಯಂ ಬಿಯರ್‌ನ ಯೀಸ್ಟ್. ಲೋಟದಲ್ಲಿ ಕೋಕೋ, ಕಿತ್ತಳೆ ಸಿಪ್ಪೆ, ಚೆರ್ರಿ, ಹುರಿದ ಬ್ರೆಡ್ಡು. ಇದರ ವೆಚ್ಚದ ಮುಖವೂ ಗಮನಾರ್ಹ. ಗಾಢವಾಗಿ ಹುರಿದ ಮಾಲ್ಟ್‌ನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಸತ್ತಿರುತ್ತವೆ. ಒಂದು ಟನ್ ಧಾನ್ಯಕ್ಕೆ ದೊರೆಯುವ ಮದ್ಯಸಾರ ಕಡಿಮೆ. ರುಚಿಗಾಗಿ ಇಳುವರಿಯನ್ನು ಬಿಟ್ಟುಕೊಡುವ ಲೆಕ್ಕ ದೊಡ್ಡ ಕಾರ್ಖಾನೆಗಳಿಗೆ ಹಿಡಿಸುವುದು ಕಷ್ಟ. ಎರಡನ್ನೂ ತೂಗಿ ನೋಡಿದರೆ ಮೊದಲ ಗುಟುಕಿಗೆ ಸ್ಟ್ರಾನಹಾನ್ಸ್ ಹೆಚ್ಚು ಮೆಚ್ಚುಗೆಯಾಗುತ್ತದೆ. ಲೋಟದಲ್ಲಿ ಅರ್ಧ ಗಂಟೆ ಉಳಿದಾಗ ಹೊಸದನ್ನು ಹೇಳುವುದು ವೆಸ್ಟ್‌ಲೆಂಡ್.

ವೆಸ್ಟ್‌ಲೆಂಡ್‌ನದೇ ಗ್ಯಾರಿಯಾನಾ ಎಂಬ ಸೀಸೆ ಪೀಪಾಯಿಯ ಕಥೆ. ವಾಯವ್ಯ ಅಮೆರಿಕದ ಗ್ಯಾರಿ ಓಕ್ ಮರದಿಂದ ಮಾಡಿದ ಪೀಪಾಯಿಗಳನ್ನು ಇದಕ್ಕೆ ಬಳಸುತ್ತಾರೆ. ಸಾಮಾನ್ಯ ಅಮೆರಿಕನ್ ಓಕ್‌ನ ತೆಂಗಿನಕಾಯಿ, ವೆನಿಲ್ಲಾ ಇಲ್ಲಿ ಹಿಂದೆ ಸರಿದು ಲವಂಗ, ಕಾಕಂಬಿ, ತೆಳು ಹೊಗೆ ಮುಂದೆ ಬರುತ್ತವೆ. ಬೆಲ್ಲದ ಪಾಕಕ್ಕೆ ಲವಂಗ ಹಾಕಿದ ಪರಿಮಳವನ್ನು ಬಲ್ಲ ನಮ್ಮ ಕಡೆಯವರ ಮೂಗು ಇದನ್ನು ಕೂಡಲೇ ಗುರುತಿಸೀತು.

ಹೊಗೆಯ ಜೋಡಿ ಇನ್ನೊಂದು. ಮೆಕಾರ್ಥಿಯವರ ಆರಿಗನ್ ಮಾಲ್ಟ್‌ನಲ್ಲಿರುವುದು ಸ್ಕಾಟ್ಲೆಂಡಿನ ಪೀಟ್: ಅಯೋಡಿನ್, ಕೊಳಚೆಯ ನೆಲ, ಬೂದಿ. ಕಣ್ಣು ಕಟ್ಟಿ ಕೊಟ್ಟರೆ ಐಲಾ ದ್ವೀಪದ್ದೆಂದು ಹೇಳುವವರೇ ಹೆಚ್ಚು. ವಯಸ್ಸಿನ ಎಳಸುತನ ಮಾತ್ರ ಗುಟ್ಟನ್ನು ಬಿಟ್ಟುಕೊಡುತ್ತದೆ. ಅರಿಜೋನಾ ರಾಜ್ಯದ ಟೂಸಾನ್‌ನ ವಿಸ್ಕಿ ಡೆಲ್ ಬ್ಯಾಕ್ ಹಾಗಲ್ಲ. ಮೆಸ್ಕೀಟ್ ಮರದ ಪೀಠೋಪಕರಣ ತಯಾರಿಸುತ್ತಿದ್ದ ಸ್ಟೀಫನ್ ಪಾಲ್ ಎಂಬುವರು, ಪೀಟ್‌ನ ಬದಲು ತಮ್ಮಲ್ಲಿ ಉಳಿಯುತ್ತಿದ್ದ ಮರದ ತುಂಡುಗಳ ಹೊಗೆಯಲ್ಲಿ ಮಾಲ್ಟ್ ಒಣಗಿಸಿದರೆ ಹೇಗೆಂಬ ವಿಚಾರದಿಂದ ಆರಂಭಿಸಿದ ಉದ್ಯಮವದು. ಅದರ ಡೊರಾಡೊ ಸೀಸೆಯಲ್ಲಿ ಸಮುದ್ರವಿಲ್ಲ, ಔಷಧವಿಲ್ಲ. ಬಯಲಿನಲ್ಲಿ ಹೊತ್ತಿಸಿದ ಒಣಸೌದೆಯ ಸಿಹಿಯಾದ ಹೊಗೆ ಇದೆ. ಅಮೆರಿಕದ ಸಿಂಗಲ್ ಮಾಲ್ಟ್ ಯಾರ ಅನುಕರಣೆಯೂ ಅಲ್ಲವೆಂದು ಒಂದೇ ಲೋಟದಿಂದ ತೋರಿಸಬೇಕಾದರೆ ಇದಕ್ಕಿಂತ ಉತ್ತಮವಾದುದು ಸಿಗಲಾರದು.

ಟೆಕ್ಸಾಸ್‌ನ ವೇಕೋದಲ್ಲಿರುವ ಬ್ಯಾಲ್ಕೋನ್ಸ್ ಶೇ. 53ರದು, ಬಿಸಿಲ ನಾಡಿನ ಪೀಪಾಯಿಯ ಕಸುವು, ಜೇನು, ಸುಟ್ಟ ರೊಟ್ಟಿ, ಅತಿಯಾಗಿ ಮಾಗಿದ ಹಣ್ಣು. ನೀರಿಲ್ಲದೆ ಇದನ್ನು ಅಳೆಯಲಾಗದು. ವರ್ಜೀನಿಯ ಡಿಸ್ಟಿಲರಿಯ ‘ಕರೇಜ್ ಅಂಡ್ ಕನ್ವಿಕ್ಷನ್’ ಹಳೆಯ ಬರ್ಬನ್, ಶೆರ್ರಿ ಹಾಗೂ ವೈನ್ ಪೀಪಾಯಿಗಳ ಸಂಗಮವಾಗಿದ್ದು, ಸ್ಕಾಚ್ ಬಳಕೆಯವರಿಗೆ ಸುಲಭವಾಗಿ ಒಗ್ಗುತ್ತದೆ. ಸೇಂಟ್ ಜಾರ್ಜ್‌ನದು ಹಣ್ಣಿನ ಬ್ರಾಂಡಿಯ ಮನೆಯ ಮಗು. ಮಾಲ್ಟ್‌ಗಿಂತ ಪೇರು, ಬಾದಾಮಿ ಮೊದಲು ಕಾಣುತ್ತವೆ.

ಈ ಎಲ್ಲ ಲೋಟಗಳನ್ನೂ ಒಟ್ಟಿಗೆ ಇಟ್ಟವರಿಗೆ ಒಂದು ಸಂದೇಹ ಬಾರದಿರದು. ಒಂದೇ ಹೆಸರಿನಡಿ ಇಷ್ಟು ದೂರದ ರುಚಿಗಳಿದ್ದರೆ ಗ್ರಾಹಕನಿಗೆ ಹೆಸರು ಏನನ್ನು ಭರವಸೆ ಕೊಟ್ಟಂತಾಯಿತು? ಬರ್ಬನ್ ಎಂದರೆ ಹೊಸ ಓಕ್‌ನ ರುಚಿ ಖಚಿತ. ಇಲ್ಲಿ ಖಚಿತವಿರುವುದು ಧಾನ್ಯ ಹಾಗೂ ದೇಶ, ಅಷ್ಟೆ. ಕ್ಯಾರಮೆಲ್ ಬಣ್ಣ ಬೆರೆಸಲು ಸಹ, ಚೀಟಿಯಲ್ಲಿ ತಿಳಿಸುವುದಾದರೆ, ನಿಯಮ ಅನುಮತಿ ನೀಡಿದೆ. ಸಣ್ಣ ಉತ್ಪಾದಕರು ಪ್ರಯೋಗದ ಸ್ವಾತಂತ್ರ್ಯ ಬೇಕೆಂದು ಈ ಸಡಿಲಿಕೆಯನ್ನು ಬಯಸಿದರು. ಅದೇ ಬಾಗಿಲಿನಿಂದ ದೊಡ್ಡವರೂ ಒಳಬರಬಹುದು. ಜಿಮ್ ಬೀಮ್ ಸಂಸ್ಥೆಯ ಕ್ಲರ್ಮಾಂಟ್ ಸ್ಟೀಪ್ ಹಾಗೂ ಜ್ಯಾಕ್ ಡೇನಿಯಲ್ಸ್‌ನ ಸಿಂಗಲ್ ಮಾಲ್ಟ್ ಎರಡೂ 2023ರಲ್ಲಿಯೇ ಬಂದವು. ಅವುಗಳ ಗುಣಮಟ್ಟದ ಬಗ್ಗೆ ಆಕ್ಷೇಪವಿಲ್ಲ. ಬೆಲೆಯ ಪೈಪೋಟಿಯಲ್ಲಿ ಐದು ಬಗೆಯ ಮಾಲ್ಟ್ ಹುರಿಸುವವನು ಎಷ್ಟು ದಿನ ನಿಂತಾನೆಂಬುದು ಬೇರೆ ಪ್ರಶ್ನೆ.

ಮಾರುಕಟ್ಟೆಯ ಬಿಸಿ

ಆ ಪ್ರಶ್ನೆ ಕಾಲ್ಪನಿಕವಲ್ಲ. ಸ್ಟ್ರಾನಹಾನ್ಸ್ 2010ರಲ್ಲಿ ಪ್ರಾಕ್ಸಿಮೊ ಸಂಸ್ಥೆಯ ಪಾಲಾಯಿತು. ಫ್ರಾನ್ಸಿನ ರೆಮಿ ಕ್ವಾಂಟ್ರೊ ಸಂಸ್ಥೆಯು ವೆಸ್ಟ್‌ಲೆಂಡನ್ನು, 2022ರಲ್ಲಿ ಡಿಯಾಜಿಯೊ ಬ್ಯಾಲ್ಕೋನ್ಸ್ ಅನ್ನು ಕೊಂಡುಕೊಂಡವು. ನಿಯಮ ಜಾರಿಗೆ ಬಂದ ಮೂರೇ ತಿಂಗಳಲ್ಲಿ, 2025ರ ಏಪ್ರಿಲ್‌ನಲ್ಲಿ, ಈ ವರ್ಗದ ಪ್ರಮುಖ ಹೆಸರುಗಳಲ್ಲೊಂದಾದ ಪೋರ್ಟ್‌ಲೆಂಡ್‌ನ ವೆಸ್ಟ್‌ವರ್ಡ್ ದಿವಾಳಿ ಕಾಯಿದೆಯ 11ನೇ ಅಧ್ಯಾಯದಡಿ ರಕ್ಷಣೆ ಕೋರಿತು. ಅದಕ್ಕೂ ಮುಂಚಿನ ತಿಂಗಳಲ್ಲಿ ಸುಂಕದ ಜಗಳದಿಂದಾಗಿ ಕೆನಡಾದ ಹಲವು ಪ್ರಾಂತ್ಯಗಳ ಸರ್ಕಾರಿ ಮಳಿಗೆಗಳು ಅಮೆರಿಕದ ಮದ್ಯವನ್ನು ಕಪಾಟಿನಿಂದ ಕೆಳಗಿಳಿಸಿದ್ದವು. ಇಂದು ಇಳಿಸಿದ ಮದ್ಯಕ್ಕೆ ನಾಲ್ಕೈದು ವರ್ಷಗಳ ನಂತರ ಹಣ ಕಾಣುವ ಉದ್ಯಮಕ್ಕೆ ಇಂತಹ ಏರುಪೇರು ಬಹು ದುಬಾರಿ.

ಕರ್ನಾಟಕಕ್ಕೂ ಇಲ್ಲಿ ಒಂದು ನಂಟಿದೆ. ಬರ್ಬನ್‌ಗೆ ಪ್ರತಿಬಾರಿಯೂ ಹೊಸ ಪೀಪಾಯಿ ಕಡ್ಡಾಯವಾದುದರಿಂದ ಒಮ್ಮೆ ಬಳಸಿದ ಪೀಪಾಯಿಗಳು ಜಗತ್ತಿನೆಲ್ಲೆಡೆ ಮಾರಾಟವಾಗುತ್ತವೆ. ಬೆಂಗಳೂರಿನ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರೀಸ್‌ನ ಮಾಲ್ಟ್ ಹದಗೊಳ್ಳುವುದು ಅಂತಹ ಪೀಪಾಯಿಗಳಲ್ಲಿಯೇ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಹಾರಿಹೋಗುವ ‘ದೇವತೆಗಳ ಪಾಲು’ ಇಲ್ಲಿ ಶೇ. 10ರಿಂದ 12. ಡೆನ್ವರ್, ವೇಕೋಗಳವರ ಹಾಗೆ ಅಮೃತ್‌ನವರೂ ಹವಾಮಾನದ ನಷ್ಟವನ್ನು ಬೇಗನೆ ಮಾಗುವ ಲಾಭವಾಗಿ ಪರಿವರ್ತಿಸಿಕೊಂಡರು. 2004ರಲ್ಲಿ ಗ್ಲಾಸ್ಗೋದಲ್ಲಿ, ಸ್ಕಾಚ್‌ನ ತವರಿನಲ್ಲಿಯೇ, ತಮ್ಮ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ ಸಂಸ್ಥೆಯದು.

ಆಮದುದಾರರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. 2025ರ ಫೆಬ್ರವರಿಯಲ್ಲಿ ಭಾರತ ಸರ್ಕಾರವು ಅಮೆರಿಕದ ವಿಸ್ಕಿಯ ಮೇಲಿನ ಒಟ್ಟು ಸುಂಕವನ್ನು ಶೇ. 150ರಿಂದ ಶೇ. 100ಕ್ಕೆ ಇಳಿಸಿದಾಗ, ಆ ರಿಯಾಯಿತಿ ದೊರೆತದ್ದು ‘ಬರ್ಬನ್’ ಎಂಬ ಹೆಸರಿಗೆ ಮಾತ್ರ. ಆದೇಶ ಹೊರಬಿದ್ದಾಗ ಅಮೆರಿಕನ್ ಸಿಂಗಲ್ ಮಾಲ್ಟ್ ತನ್ನ ಸ್ವಂತ ಹೆಸರನ್ನು ಪಡೆದು ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ.