ದೇಹದ ದಿನವಹಿ: ವ್ಯಾಯಾಮ ಮತ್ತು ಆಹಾರದಲ್ಲಿ ಶಿಸ್ತು ಉಳಿಸಿಕೊಳ್ಳುವ ಬಗೆ

ರಾತ್ರಿ ಅಂಗಡಿಯ ಬಾಗಿಲು ಹಾಕುವ ಮುನ್ನ ಗಲ್ಲಾಪೆಟ್ಟಿಗೆಯ ಹಣ ಎಣಿಸಿ, ದಿನವಹಿಯೊಡನೆ ತಾಳೆ ನೋಡದೆ ಮನೆಗೆ ಹೊರಡುವ ವರ್ತಕರು ವಿರಳ. ಹತ್ತು ರೂಪಾಯಿಯ ವ್ಯತ್ಯಾಸ ಬಂದರೂ ಅದು ಎಲ್ಲಿ ಹೋಯಿತೆಂದು ತಿಳಿಯುವವರೆಗೆ ಅವರಿಗೆ ಸಮಾಧಾನವಿರದು. ಆದರೆ ಕಳೆದ ಐದು ವರ್ಷಗಳಲ್ಲಿ ತಮ್ಮ ಸೊಂಟದ ಸುತ್ತಳತೆ ಎಷ್ಟು ಏರಿದೆ, ರಕ್ತದ ಸಕ್ಕರೆಯನ್ನು ಕೊನೆಯದಾಗಿ ಪರೀಕ್ಷಿಸಿದ್ದು ಯಾವಾಗ ಎಂದು ಕೇಳಿದರೆ ಅವರಲ್ಲಿ ಅನೇಕರ ಬಳಿ ಉತ್ತರವಿರುವುದಿಲ್ಲ. ಹಣದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವವರು ದೇಹದ ವಿಷಯದಲ್ಲಿ ಲೆಕ್ಕವನ್ನೇ ಇಡದಿರುವುದು ಸೋಜಿಗದ ಸಂಗತಿ.

ಸಣ್ಣ ಉದ್ದಿಮೆಗಳಲ್ಲಿ ಮಾಲೀಕನ ಆರೋಗ್ಯವೇ ಮೂಲ ಬಂಡವಾಳ. ಖರೀದಿ, ವಸೂಲಿ, ಬ್ಯಾಂಕಿನ ವ್ಯವಹಾರ, ಕಾರ್ಮಿಕರ ಮೇಲ್ವಿಚಾರಣೆ ಎಲ್ಲವೂ ಒಬ್ಬರ ಹೆಗಲ ಮೇಲಿರುತ್ತವೆ. ಆತ ಎರಡು ತಿಂಗಳು ಹಾಸಿಗೆ ಹಿಡಿದರೆ ಬಾಕಿ ವಸೂಲಿ ನಿಲ್ಲುತ್ತದೆ. ಸಾಲದ ಕಂತು, ಬಾಡಿಗೆ, ಸಂಬಳಗಳು ನಿಲ್ಲುವುದಿಲ್ಲ. ಆರೋಗ್ಯ ವಿಮೆಯು ಆಸ್ಪತ್ರೆಯ ಬಿಲ್ಲನ್ನು ಭರಿಸಬಹುದು. ಬೇರೆ ಅಂಗಡಿಗೆ ಹೋದ ಗಿರಾಕಿಯನ್ನು ಮರಳಿ ತರಲಾರದು. ಯಂತ್ರಗಳಿಗೆ ವರ್ಷವರ್ಷವೂ ಸವಕಳಿ ಬರೆಯುವವರು ಅವುಗಳನ್ನು ನಡೆಸುವ ದೇಹಕ್ಕೂ ಸವಕಳಿಯುಂಟು ಎಂಬುದನ್ನು ಮರೆಯಬಾರದು.

ಕುಳಿತು ಮಾಡುವ ದುಡಿಮೆಯ ಬೆಲೆ

ಕುಳಿತು ಮಾಡುವ ಕೆಲಸದ ಅಪಾಯವನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟ ಅಧ್ಯಯನಗಳಲ್ಲಿ ಲಂಡನ್ ನಗರದ ಬಸ್ ನೌಕರರನ್ನು ಕುರಿತದ್ದು ಪ್ರಸಿದ್ಧವಾಗಿದೆ. ಜೆರ್ರಿ ಮಾರಿಸ್ ಮತ್ತು ಸಹೋದ್ಯೋಗಿಗಳು 1953ರಲ್ಲಿ ಅದನ್ನು ಪ್ರಕಟಿಸಿದರು. ಚಾಲಕರು ದಿನವಿಡೀ ಆಸನದಲ್ಲಿ ಕುಳಿತಿರುತ್ತಿದ್ದರು. ನಿರ್ವಾಹಕರು ಟಿಕೆಟ್ ನೀಡುತ್ತ ಎರಡಂತಸ್ತಿನ ಬಸ್ಸಿನಲ್ಲಿ ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದರು. ಒಂದೇ ಸಂಸ್ಥೆ, ಒಂದೇ ಬಸ್ಸು. ಆದರೂ ಹೃದ್ರೋಗದ ಪ್ರಮಾಣ ನಿರ್ವಾಹಕರಲ್ಲಿ ಚಾಲಕರಿಗಿಂತ ಗಣನೀಯವಾಗಿ ಕಡಿಮೆಯಿತ್ತು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಗಲ್ಲಾದ ಮುಂದೆ ಕುಳಿತಿರುವ ವರ್ತಕರು ತಾವು ಯಾವ ಗುಂಪಿಗೆ ಸೇರಿದವರೆಂದು ಸುಲಭವಾಗಿ ಊಹಿಸಬಹುದು.

ನಮ್ಮ ದೇಶದ ಸ್ಥಿತಿಯೂ ನೆಮ್ಮದಿ ತರುವಂಥದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದ್ದು, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಿನಲ್ಲಿದ್ದಾರೆ. ಹೊಸ್ತಿಲಿನಲ್ಲಿರುವವರು ಹಿಂದೆ ಸರಿಯಲು ಸಾಧ್ಯ ಎಂಬುದೇ ಸಮಾಧಾನದ ಸಂಗತಿ. ಚೆನ್ನೈನ ತಜ್ಞರು ಇಂಥ 531 ಮಂದಿಯನ್ನು ಆರಿಸಿ ನಡೆಸಿದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಶೇಷ ಸಲಹೆಯಿಲ್ಲದೆ ಇದ್ದವರ ಪೈಕಿ ಸುಮಾರು ಮೂರು ವರ್ಷಗಳೊಳಗೆ ಶೇಕಡಾ 55ರಷ್ಟು ಜನ ಮಧುಮೇಹಿಗಳಾದರು. ಆಹಾರದಲ್ಲಿ ಮಿತಿ ಮತ್ತು ನಿತ್ಯದ ಬಿರುಸು ನಡಿಗೆಯನ್ನು ರೂಢಿಸಿಕೊಂಡವರಲ್ಲಿ ಈ ಪ್ರಮಾಣ ಶೇಕಡಾ 39.3ಕ್ಕೆ ಇಳಿಯಿತು. ಅವರಿಗೆ ಹೇಳಿದ್ದು ದುಬಾರಿ ಚಿಕಿತ್ಸೆಯನ್ನಲ್ಲ, ದಿನದ ಶಿಸ್ತನ್ನು ಮಾತ್ರ.

ಮೂರನೆಯ ವಾರದ ಮುಗ್ಗಟ್ಟು

ಇಷ್ಟೆಲ್ಲ ತಿಳಿದೂ ಶಿಸ್ತು ಉಳಿಯುವುದಿಲ್ಲವೇಕೆ? ಹೊಸ ವರ್ಷದ ಮೊದಲ ದಿನ ಹೊಸ ಬೂಟು ಕೊಂಡು, ಜಿಮ್‌ಗೆ ವರ್ಷದ ಶುಲ್ಕವನ್ನು ಒಮ್ಮೆಲೇ ಕಟ್ಟಿ, ಅನ್ನವನ್ನು ಪೂರ್ತಿ ಬಿಟ್ಟು ಆರಂಭಿಸುವವರು ಹಲವರು. ಎರಡು ವಾರ ಎಲ್ಲವೂ ಚೆನ್ನಾಗಿ ಸಾಗುತ್ತದೆ. ಮೂರನೆಯ ವಾರ ಬಂಧುಗಳ ಮನೆಯ ಮದುವೆ, ಹೊರ ಊರಿನ ಖರೀದಿ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಕೆಯ ಒತ್ತಡ ಎದುರಾಗುತ್ತದೆ. ನಾಲ್ಕು ದಿನ ವ್ಯಾಯಾಮ ತಪ್ಪುತ್ತದೆ, ಹೋಳಿಗೆಯ ಊಟವೂ ಆಗುತ್ತದೆ. ಆಗ ಮನಸ್ಸು, “ಎಲ್ಲ ಕೆಟ್ಟಿತು, ಯುಗಾದಿಯಿಂದ ಹೊಸದಾಗಿ ಆರಂಭಿಸೋಣ” ಎಂದು ತೀರ್ಪು ಕೊಡುತ್ತದೆ. ಹಾನಿ ಮಾಡುವುದು ಆ ನಾಲ್ಕು ದಿನಗಳಲ್ಲ, ಈ ತೀರ್ಪು.

ವ್ಯಾಪಾರದಲ್ಲಿ ಯಾರೂ ಹೀಗೆ ಯೋಚಿಸುವುದಿಲ್ಲ. ಮಳೆ ಸುರಿದು ಒಂದು ದಿನ ಗಿರಾಕಿ ಬಾರದಿದ್ದರೆ ಅಂಗಡಿ ಮುಚ್ಚಿ ಮುಂದಿನ ಆರ್ಥಿಕ ವರ್ಷಕ್ಕೆ ಕಾಯುವವರಿಲ್ಲ. ಆ ದಿನದ ನಷ್ಟವನ್ನು ಬರೆದು, ಮರುದಿನ ಎಂದಿನ ಸಮಯಕ್ಕೆ ಬಾಗಿಲು ತೆರೆಯುತ್ತಾರೆ. ದೇಹದ ವಿಷಯದಲ್ಲಿ ಬೇಕಾಗಿರುವುದೂ ಇದೇ.

ಇದಕ್ಕೆ ಅಧ್ಯಯನದ ಆಧಾರವೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿ ಸ್ವಯಂಸೇವಕರು ಆಹಾರ ಅಥವಾ ವ್ಯಾಯಾಮಕ್ಕೆ ಸಂಬಂಧಿಸಿದ ಒಂದು ಹೊಸ ಅಭ್ಯಾಸವನ್ನು ರೂಢಿಸಿಕೊಳ್ಳುವುದನ್ನು 12 ವಾರಗಳ ಕಾಲ ಗಮನಿಸಿದರು. 2010ರಲ್ಲಿ ಅಚ್ಚಾದ ಅವರ ವರದಿಯ ಲೆಕ್ಕದಂತೆ, ಅಭ್ಯಾಸವು ಪ್ರಯಾಸವಿಲ್ಲದೆ ನಡೆಯುವಂತಾಗಲು ಹಿಡಿಯುವ ಕಾಲ ಮಧ್ಯಮ ಅಂದಾಜಿನಲ್ಲಿ 66 ದಿನ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತದೆ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಆದ್ದರಿಂದ ಮೂರು ವಾರಗಳಲ್ಲಿ ಹುರುಪು ಕುಗ್ಗಿದರೆ ಅದು ಸೋಲಲ್ಲ. ಹೂಡಿಕೆಯ ಅವಧಿ ಇನ್ನೂ ಮುಗಿದಿಲ್ಲ ಎಂದಷ್ಟೇ ಅರ್ಥ.

ಬರೆದಿಟ್ಟರೆ ಲಾಭ

ದಿನವಹಿಯ ಅಭ್ಯಾಸ ಇಲ್ಲಿಯೂ ನೆರವಿಗೆ ಬರುತ್ತದೆ. ಅಮೆರಿಕದಲ್ಲಿ ಸುಮಾರು 1,700 ಜನರನ್ನು ಕುರಿತು ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಿಂದದ್ದನ್ನು ಪ್ರತಿದಿನ ಬರೆದಿಟ್ಟವರು ಏನನ್ನೂ ಬರೆಯದವರಿಗಿಂತ ಸುಮಾರು ಎರಡು ಪಟ್ಟು ತೂಕ ಇಳಿಸಿಕೊಂಡರು. ಬರೆಯಬೇಕೆಂಬ ಅರಿವೇ ಕೈಯನ್ನು ತಡೆಯುತ್ತದೆ. ಅಂಗಡಿಯ ಮೇಜಿನ ಮೇಲೊಂದು ಸಣ್ಣ ಪುಸ್ತಕವಿದ್ದರೆ ಸಾಕು. ನಡೆದ ನಿಮಿಷಗಳು, ಕುಡಿದ ಚಹಾ-ಕಾಫಿಗಳ ಸಂಖ್ಯೆ, ರಾತ್ರಿ ಊಟದ ವೇಳೆ — ದಿನಕ್ಕೆ ಈ ಮೂರು ನಮೂದುಗಳು ಸಾಕು.

ಬರೆಯುವಾಗ ಪ್ರಾಮಾಣಿಕತೆ ಮುಖ್ಯ. ಸಕಾರಾತ್ಮಕ ಮನೋಭಾವವೆಂದರೆ ನಷ್ಟವನ್ನು ಲಾಭವೆಂದು ಬರೆದುಕೊಳ್ಳುವುದಲ್ಲ. ನಷ್ಟವನ್ನು ನಷ್ಟವೆಂದೇ ಬರೆದು, ವ್ಯವಹಾರವನ್ನು ಮುಂದುವರಿಸುವ ಧೈರ್ಯ. ತೂಕವನ್ನು ಪ್ರತಿದಿನ ನೋಡಿ ಕುಗ್ಗುವ ಅಗತ್ಯವಿಲ್ಲ. ದೇಹದಲ್ಲಿನ ನೀರಿನ ಅಂಶದಿಂದಲೇ ಅದು ದಿನದಿನಕ್ಕೆ ಏರಿಳಿಯುತ್ತದೆ. ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಸೊಂಟದ ಅಳತೆ ನೋಡಿದರೆ ಸಾಕು. ಭಾರತೀಯರಿಗೆ ಸೊಂಟದ ಮಿತಿಯನ್ನು ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಎಂದು ತಜ್ಞರು ನಿಗದಿಪಡಿಸಿದ್ದಾರೆ.

ಚಹಾ ಲೋಟದ ಲೆಕ್ಕ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯಲ್ಲಿ ಉಪವಾಸದ ಉಪದೇಶವಿಲ್ಲ. ತಿಳಿದು ತಿನ್ನಬೇಕೆಂಬ ಮಾತಿದೆ. ಒಂದು ಸಣ್ಣ ಲೆಕ್ಕ ನೋಡಬಹುದು. ಬಂದ ಗಿರಾಕಿಗಳ ಜೊತೆ, ಏಜೆಂಟರ ಜೊತೆ ದಿನಕ್ಕೆ ಆರು ಲೋಟ ಚಹಾ ಆಗುತ್ತದೆ ಎಂದಿಟ್ಟುಕೊಳ್ಳೋಣ. ಲೋಟಕ್ಕೆ ಎರಡು ಚಮಚ, ಚಮಚಕ್ಕೆ ಸುಮಾರು 5 ಗ್ರಾಂ ಸಕ್ಕರೆಯೆಂದರೆ ದಿನಕ್ಕೆ 60 ಗ್ರಾಂ, ತಿಂಗಳಿಗೆ 1,800 ಗ್ರಾಂ. ದಿನಕ್ಕೆ 2,000 ಕ್ಯಾಲೊರಿ ಆಹಾರ ಸೇವಿಸುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಂತೆ ಸಕ್ಕರೆ 50 ಗ್ರಾಂ ಮೀರಬಾರದು. 25 ಗ್ರಾಂಗೆ ಇಳಿದರೆ ಇನ್ನೂ ಒಳ್ಳೆಯದು. ಸಿಹಿ ತಿನಿಸಿನ ಮಾತೇ ಬರುವ ಮೊದಲು ಚಹಾವೊಂದೇ ಮಿತಿಯನ್ನು ದಾಟಿಬಿಟ್ಟಿದೆ! ಚಹಾ ಬಿಡಬೇಕಾಗಿಲ್ಲ, ಮೂರು ಲೋಟ, ಲೋಟಕ್ಕೆ ಒಂದು ಚಮಚ ಎಂದು ನಿಶ್ಚಯಿಸಿದರೆ 60 ಗ್ರಾಂ 15ಕ್ಕೆ ಇಳಿಯುತ್ತದೆ.

ಅನ್ನವನ್ನೋ ಮುದ್ದೆಯನ್ನೋ ಪೂರ್ತಿ ತ್ಯಜಿಸುವ ಶಪಥಗಳು ಬಹುಕಾಲ ಉಳಿಯುವುದಿಲ್ಲ. ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣುಗಳಿರಬೇಕೆಂಬುದು ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ಅನ್ನದ ಪ್ರಮಾಣ ತಗ್ಗಿಸಿ ಪಲ್ಯ, ಹುಳಿ, ಕೋಸಂಬರಿ, ಮಜ್ಜಿಗೆಗಳನ್ನು ಹೆಚ್ಚಿಸುವುದು ನಮ್ಮ ಅಡುಗೆಮನೆಗೆ ಹೊಸದೇನಲ್ಲ. ಮಧ್ಯಾಹ್ನದ ಬುತ್ತಿ ಮನೆಯಿಂದಲೇ ಬಂದರೆ ಮೂರು ಗಂಟೆಯ ಹಸಿವಿಗೆ ಬೋಂಡ ತರಿಸುವ ಪ್ರಸಂಗ ತಪ್ಪುತ್ತದೆ.

ಎಷ್ಟು ವ್ಯಾಯಾಮ ಸಾಕು?

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ, ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವಾರದಲ್ಲಿ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆ ಮೊದಲನೆಯದನ್ನು ಪೂರೈಸುತ್ತದೆ. ಎರಡನೆಯದಕ್ಕೆ ಗರಡಿ ಮನೆಯ ಬಸ್ಕಿ, ದಂಡಗಳಿವೆ, ಅವಕ್ಕೆ ಶುಲ್ಕವಿಲ್ಲ. ಅರ್ಧ ಗಂಟೆ ಒಟ್ಟಿಗೆ ಸಿಗದಿದ್ದರೆ ಹತ್ತು ಹತ್ತು ನಿಮಿಷಗಳ ಮೂರು ಕಂತುಗಳಲ್ಲಿ ಪೂರೈಸಬಹುದು. ನಲವತ್ತು ದಾಟಿದವರು, ಮಧುಮೇಹ ಅಥವಾ ರಕ್ತದೊತ್ತಡ ಇರುವವರು ವೈದ್ಯರ ಸಲಹೆ ಪಡೆದು ಆರಂಭಿಸುವುದು ಲೇಸು. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮುಂಜಾಗ್ರತಾ ಆರೋಗ್ಯ ತಪಾಸಣೆಯ ವೆಚ್ಚದಲ್ಲಿ 5,000 ರೂಪಾಯಿಗಳವರೆಗೆ, ಆರೋಗ್ಯ ವಿಮೆಗಿರುವ ಒಟ್ಟು ಮಿತಿಯೊಳಗೆ, ಆದಾಯದಿಂದ ಕಳೆಯುವ ಸೌಲಭ್ಯವೂ ಉಂಟು. ತಪಾಸಣೆಯ ಹಣವನ್ನು ನಗದಾಗಿ ಪಾವತಿಸಿದ್ದರೂ ಅದು ದೊರೆಯುತ್ತದೆ.

ಸಣ್ಣ ಬಂಡವಾಳದಿಂದ ಆರಂಭಿಸಿ, ಬಂದ ಲಾಭವನ್ನು ಮತ್ತೆ ತೊಡಗಿಸಿ ಬೆಳೆದವರೇ ಈ ಕ್ಷೇತ್ರದಲ್ಲಿ ಹೆಚ್ಚು. ಆರೋಗ್ಯದ ವೃದ್ಧಿಯೂ ಇದೇ ಕ್ರಮದಲ್ಲಿ ಆಗತಕ್ಕದ್ದು. ಮೊದಲ ವಾರ ಹತ್ತು ನಿಮಿಷದ ನಡಿಗೆ, ಒಂದು ಲೋಟ ಕಡಿಮೆ ಚಹಾ ಸಾಕು. ಒಂದು ದಿನ ತಪ್ಪಿದರೆ ಆ ಪುಟದಲ್ಲಿ “ಇಲ್ಲ” ಎಂದು ಬರೆದು, ಮರುದಿನ ಬೆಳಗ್ಗೆ ಮುಂದಿನ ಪುಟ ತೆರೆಯಬೇಕು. ವರ್ಷದ ಕೊನೆಯಲ್ಲಿ ಆ ಪುಸ್ತಕದಲ್ಲಿ ಅರವತ್ತು “ಇಲ್ಲ”ಗಳಿದ್ದರೂ, ಉಳಿದ ಮುನ್ನೂರೈದು ದಿನಗಳು ಜಮೆಯ ಬದಿಯಲ್ಲಿಯೇ ಇರುತ್ತವೆ.